ನೆಡ್ರಾಳ ಕಬ್ಬಿಣದ ಪಾತ್ರೆ

ಬದುಕಿರುವ ಸವತಿಯ ಜೊತೆ ಹೇಗೋ ಏಗಬಹುದು. ಅವಳು ಒಂದಲ್ಲ ಒಂದು ದಿನ ಅಡುಗೆ ಸೀಯಿಸುತ್ತಾಳೆ, ಗಂಡನ ಮೇಲೆ ಹರಿಹಾಯುತ್ತಾಳೆ, ದಪ್ಪಗಾಗುತ್ತಾಳೆ. ಸತ್ತ ಸವತಿ ಇದ್ಯಾವುದನ್ನೂ ಮಾಡುವುದಿಲ್ಲ. ಶಾಲಾ ಬಸ್ಸು ಓಡಿಸುವ ಲಾಮಾರ್‌ನನ್ನು ಕೈಹಿಡಿದು ಸಾಲ್ಟ್ ಲೇಕ್ ಸಿಟಿಯಿಂದ ರಿಚ್‌ಫೀಲ್ಡ್ ಎಂಬ ಸಣ್ಣ ಊರಿಗೆ ಬಂದ ಆರೇಳು ತಿಂಗಳಲ್ಲಿ ಕಾರ್ಲೀನ್‌ಗೆ ಇದು ಚೆನ್ನಾಗಿ ಮನದಟ್ಟಾಗಿತ್ತು. ಅವನ ಮೊದಲ ಹೆಂಡತಿ ನೆಡ್ರಾ ತೀರಿಕೊಂಡು ನಾಲ್ಕು ವರ್ಷ ಕಳೆದಿದ್ದರೂ ಆ ಮನೆಯಲ್ಲಿ ಅವಳ ಹೆಸರಿಲ್ಲದೆ ಒಂದು ಊಟವೂ ಮುಗಿಯುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಊರಾಚೆಯ ಬಾಡಿಗೆ ಕ್ಯಾಬಿನ್‌ಗಳಿಗೆ ಹೋಗಿ ತಂಗುವುದು ಆ ಮನೆಯ ಪದ್ಧತಿ. ನೆಡ್ರಾ ಹೋದ ಮೇಲೆ ನಿಂತುಹೋಗಿದ್ದು ಈ ವರ್ಷ ಮತ್ತೆ ಶುರುವಾಗಬೇಕಿತ್ತು. ಭಾನುವಾರ ಚರ್ಚ್ ಮುಗಿಸಿಕೊಂಡು ನೆಡ್ರಾಳ ಮಗಳು ಶೌನಾ ಬಂದಳು. ಊಟದ ಮೇಜಿನ ಮೇಲೆ ನಕ್ಷೆ ಹರವಿ ಮೂವರೂ ಕೂತರು.

"ಎರಡು ರಾತ್ರಿ ಕೆಳಗೆ ಮರಳುಗಾಡಲ್ಲಿ, ಕೆಂಪು ಬಂಡೆ ಹತ್ರದ ಕ್ಯಾಬಿನ್‌ನಲ್ಲಿ. ಒಂದು ರಾತ್ರಿ ಮೇಲೆ ಬೆಟ್ಟದಲ್ಲಿ," ಎಂದ ಲಾಮಾರ್.

"ಮೊದಲು ಬೆಟ್ಟಕ್ಕೆ ಹೋಗಿ ಆಮೇಲೆ ಇಳಿದು ಬಂದ್ರೆ ಹೇಗೆ?" ಎಂದಳು ಕಾರ್ಲೀನ್.

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು.

"ಧೂಳು ಮೊದಲು ತಿಂದು ಮುಗಿಸೋಣ, ತಂಪು ಕೊನೆಗಿರಲಿ ಅಂತಿದ್ಲು ಅಮ್ಮ," ಎಂದಳು ಶೌನಾ. ಅಲ್ಲಿಗೆ ಆ ಮಾತು ಮುಗಿಯಿತು.

ಕ್ಯಾಬಿನ್‌ನ ಮಲಗುವ ಹಲಗೆಗಳಿಗೆ ಹಾಸಿಗೆ ಕೊಂಡುಹೋಗಬೇಕಿತ್ತು. ಯಾವ ಹಾಸಿಗೆ? ಅಮ್ಮನ ನೀಲಿ ಹಾಸಿಗೆ. ಮರಳುಗಾಡಿನ ಕ್ಯಾಬಿನ್‌ನಲ್ಲಿ ನಲ್ಲಿ ಇಲ್ಲ, ನೀರು ಹೊತ್ತೊಯ್ಯಬೇಕು. ಯಾವ ಕ್ಯಾನಿನಲ್ಲಿ? ಅಮ್ಮ ಕೊಂಡದ್ದರಲ್ಲಿ. ಕಾರ್ಲೀನ್ ಹಲ್ಲು ಕಚ್ಚಿಕೊಂಡು ನಗುತ್ತಲೇ ಇದ್ದಳು. ಕೊನೆಗೆ ಅಡುಗೆಯ ಮಾತು ಬಂದಾಗ ಇದಾದರೂ ತನ್ನ ಪಾಲಿಗೆ ಬರಲಿ ಎಂದು ಮುಂದೆ ಬಾಗಿದಳು.

"ನಾನು ಲಸಾನ್ಯಾ ಮಾಡಿ ತರ್ತೀನಿ. ಅಲ್ಲಿ ಬಿಸಿ ಮಾಡಿದ್ರೆ ಸಾಕು."

"ಅಯ್ಯೋ, ಅದೆಲ್ಲ ಬೇಡ ಕಾರ್ಲೀನ್," ಎಂದಳು ಶೌನಾ. "ಹೊರಗೆ ಕೆಂಡ ಮಾಡಿ ಅಮ್ಮನ ಕಬ್ಬಿಣದ ಪಾತ್ರೆ ಇಟ್ರೆ ಆಯ್ತು. ಕೋಳಿ, ಆಲೂಗಡ್ಡೆ, ಕಡೇಲಿ ಪೀಚ್ ಹಣ್ಣು. ನೀವು ಸುಮ್ನೆ ಕೂತಿರಿ. ಏನೂ ಮುಟ್ಟಬೇಡಿ."

ಲಾಮಾರ್ ನಗುತ್ತಾ ತಲೆಯಾಡಿಸಿದ. ಅದು ಕಾರ್ಲೀನ್‌ಳ ಹೊಟ್ಟೆಗೆ ಬೆಂಕಿ ಇಟ್ಟ ಹಾಗಾಯಿತು. ಮುಟ್ಟಬೇಡಿ ಅಂದರೇನು? ನೆಂಟರಿಗೆ ಹೇಳುವ ಮಾತು ಅದು. ಗಂಡನ ಮನೆಯಲ್ಲಿ ನೆಂಟಳಾಗಿ ಉಳಿಯಲು ಅವಳು ಐವತ್ತೆಂಟನೇ ವಯಸ್ಸಿನಲ್ಲಿ ಮದುವೆಯಾಗಿರಲಿಲ್ಲ. ಈ ಪ್ರವಾಸದಲ್ಲಿ ಆ ಮನೆಯವಳಾಗದಿದ್ದರೆ ಇನ್ನೆಂದೂ ಆಗುವುದಿಲ್ಲ ಅನ್ನಿಸಿತು ಅವಳಿಗೆ. ಆ ವಾರವೆಲ್ಲ ನಿದ್ದೆಯಲ್ಲೂ ಅವಳ ಕಣ್ಣಿಗೆ ಒಂದೇ ಚಿತ್ರ ಕಟ್ಟುತ್ತಿತ್ತು: ನೆಡ್ರಾ ಕೆಂಡದ ಮುಂದೆ ಬಗ್ಗಿ ನಿಂತಿದ್ದಾಳೆ, ಲಾಮಾರ್ ಬೆರಳು ನೆಕ್ಕಿಕೊಂಡು ಅವಳನ್ನು ಹೊಗಳುತ್ತಿದ್ದಾನೆ.

ಗುರುವಾರ ಬೆಳಿಗ್ಗೆ ಲಾಮಾರ್ ಬಸ್ಸು ಓಡಿಸಲು ಹೋದ ಮೇಲೆ ಅವಳು ಗ್ಯಾರೇಜಿನ ಅಟ್ಟದಿಂದ ಆ ಪಾತ್ರೆಯನ್ನು ಇಳಿಸಿದಳು. ಮೂರು ಕಾಲು, ಕೆಂಡ ಹಾಕಲು ಅಂಚು ಎತ್ತಿದ ಮುಚ್ಚಳ, ಎತ್ತಿದರೆ ರಟ್ಟೆ ಇಳಿಯುವಷ್ಟು ಭಾರ. ಒಳಗೆ ಅಜ್ಜಿಯ ಕಾಲದ ದೋಸೆ ಕಾವಲಿಯ ಹಾಗೆ ಕಪ್ಪಗೆ, ನುಣ್ಣಗೆ ಪಳಗಿತ್ತು. ಬೆರಳಾಡಿಸಿದರೆ ಜಾರುತ್ತಿತ್ತು. ಎಷ್ಟು ವರ್ಷದ ಕೊಬ್ಬು, ಎಷ್ಟು ಬೆಂಕಿ, ಎಷ್ಟು ಊಟ ಅದರಲ್ಲಿ ಕೂತಿತ್ತೋ!

ಅದಕ್ಕೆ ಸೋಪು ತಾಗಿಸಬಾರದೆಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಐಡಾಹೋದಲ್ಲಿದ್ದ ಅವಳ ಅಜ್ಜಿ ಇಂಥ ಪಾತ್ರೆಯ ಹತ್ತಿರ ಸೋಪು ತಂದ ಕೈಗೆ ಫಟ್ಟನೆ ಬಾರಿಸುತ್ತಿದ್ದಳು. ಗೊತ್ತಿದ್ದೇ ಕಾರ್ಲೀನ್ ಬಿಸಿನೀರು ಬಿಟ್ಟಳು, ಸೋಪು ಸುರಿದಳು, ಉಕ್ಕಿನ ನಾರು ತೆಗೆದುಕೊಂಡಳು. ಮೊದಲು ಕಪ್ಪು ನೀರು ಇಳಿಯಿತು, ಆಮೇಲೆ ಕಂದು. ಅವಳು ಬೈಯುತ್ತಾ ಉಜ್ಜಿದಳು. "ತಗೋ ನಿನ್ನ ಕೋಳಿ. ತಗೋ ನಿನ್ನ ಪೀಚ್ ಹಣ್ಣು." ಉಗುರು ಮುರಿದರೂ ನಿಲ್ಲಿಸಲಿಲ್ಲ. ಅಷ್ಟು ಖುಷಿ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲವೇನೋ. ಮಧ್ಯಾಹ್ನದ ಹೊತ್ತಿಗೆ ಪಾತ್ರೆಯ ಒಳಗೆ ಬರೀ ಬೂದು ಬಣ್ಣದ ಕಬ್ಬಿಣ ಉಳಿದಿತ್ತು. ಒರೆಸುವಷ್ಟರಲ್ಲೇ ಅಲ್ಲಲ್ಲಿ ತುಕ್ಕಿನ ಚುಕ್ಕೆ ಎದ್ದವು. ಆಗ ಅವಳಿಗೆ ಲಾಮಾರ್‌ನ ನೆನಪಾಯಿತು. 'ಕೊಳೆ ಅಂದುಕೊಂಡೆ' ಎಂದು ಹೇಳಿದರಾಯಿತು ಎಂದು ಮನಸ್ಸಿನಲ್ಲೇ ಒಂದು ಸುಳ್ಳು ಹೊಸೆದಿಟ್ಟುಕೊಂಡಳು.

ಸಂಜೆ ಲಾಮಾರ್ ಟ್ರಕ್ಕಿಗೆ ಸಾಮಾನು ತುಂಬಲು ಗ್ಯಾರೇಜಿಗೆ ಹೋಗಿ ಮುಚ್ಚಳ ಎತ್ತಿದ. ಒಳಗೆ ಬೆರಳಾಡಿಸಿ ನೋಡಿದ. ಆಮೇಲೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತುಬಿಟ್ಟ.

"ಕೊಳೆ ಅಂದ್ಕೊಂಡೆ," ಎಂದಳು ಕಾರ್ಲೀನ್ ಬಾಗಿಲಲ್ಲಿ ನಿಂತು.

"ಇಪ್ಪತ್ತಾರು ವರ್ಷ ಪಳಗಿದ್ದು ಕಣೇ," ಎಂದ ಅವನು ಮೆಲ್ಲಗೆ.

"ನೆಡ್ರಾ ಕೈ ಅಡುಗೆ. ಗೊತ್ತು."

"ನೆಡ್ರಾ?" ಅವನು ತಲೆ ಎತ್ತಿದ. "ನೆಡ್ರಾ ಕ್ಯಾಂಪಲ್ಲಿ ಒಂದು ಕಡ್ಡಿ ಎತ್ತಿ ಆಚೆ ಇಡ್ತಿರಲಿಲ್ಲ. ವರ್ಷವೆಲ್ಲ ನಾನು ಬೇಯಿಸಿ ಹಾಕ್ತೀನಿ, ಅಲ್ಲಿ ನನಗೆ ಏನೂ ಮುಟ್ಟಿಸಬೇಡಿ ಅಂತಿದ್ಲು. ಈ ಪಾತ್ರೆ ಕೊಂಡಿದ್ದು ಅವಳು, ಕೊಟ್ಟಿದ್ದು ನನ್ನ ಕೈಗೆ. ಅವತ್ತಿಂದ ಇದರಲ್ಲಿ ಬೇಯಿಸಿದ್ದೆಲ್ಲ ನಾನೇ. ಮನೆಯಾಕೆ ಕುರ್ಚೀಲಿ ಕಾಲು ಚಾಚಿ ಕೂತ್ಕೊಳ್ಳೋದು, ನಾವು ತಟ್ಟೆ ತಂದು ಕೈಗೆ ಕೊಡೋದು. ಅದೇ ನಮ್ಮ ರಿವಾಜು. ಈ ಸಲ ಕೂರೋಳು ನೀನು ಅಂತ ಶೌನಾ ಹೊಸ ಕುರ್ಚಿ ಬೇರೆ ತಂದಿಟ್ಟಿದ್ದಾಳೆ."

ಕಾರ್ಲೀನ್‌ಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಸವತಿಯ ಕೈಗುಣ ಎಂದು ಅವಳು ಉಜ್ಜಿ ಚರಂಡಿಗೆ ಬಿಟ್ಟದ್ದು ತನ್ನ ಗಂಡನದೇ ಕೈಗುಣವನ್ನು.

"ಹೋಗ್ಲಿ ಬಿಡು," ಎಂದ ಲಾಮಾರ್, ಅವಳ ಮುಖ ನೋಡಿ. "ಪಟ್ಟಣದವಳು, ನಿನಗೇನು ಗೊತ್ತು ಪಾಪ."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಶೌನಾ. ಪೀಚ್ ಹಣ್ಣು ಎಷ್ಟು ತರಲಿ ಎಂದು ಕೇಳಲು ಮಾಡಿದ್ದಳು.

"ಹಣ್ಣಿರಲಿ, ಒಂದು ಯಡವಟ್ಟಾಗಿದೆ," ಎಂದ ಲಾಮಾರ್. "ಪಾತ್ರೆಗೆ ತುಕ್ಕು ಹಿಡಿದಿತ್ತು. ನಾನೇ ಸೋಪು ಹಾಕಿ ಉಜ್ಜಿಬಿಟ್ಟೆ."

"ಅಪ್ಪಾ! ನಿನಗೇನು ತಲೆ ಕೆಟ್ಟಿದೆಯಾ? ಅಮ್ಮ ನಿನಗೇಂತ ಕೊಟ್ಟಿದ್ದಲ್ವಾ ಅದು!" ಶೌನಾಳ ಅರಚಾಟ ಬಾಗಿಲವರೆಗೂ ಕೇಳಿಸಿತು. ಅವನು ತಲೆ ತಗ್ಗಿಸಿ ಬೈಗುಳ ತಿನ್ನುತ್ತಾ ಕುಳಿತ.

ನಿಜ ಹೇಳಬೇಕೆಂದರೆ, ಕಾರ್ಲೀನ್‌ಗೆ ಮೊದಲು ಆದದ್ದು ಸಂತೋಷವೇ. ನೆಡ್ರಾಳ ಮಗಳ ಮುಂದೆ ಅವನು ತನಗಾಗಿ ಸುಳ್ಳು ಹೇಳಿದ, ತನ್ನ ಪಕ್ಷ ಹಿಡಿದ. ಏಳು ತಿಂಗಳಿಂದ ಅವಳು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದದ್ದು ಇದಕ್ಕೇ. ಆದರೆ ಪಾಪ, ಗೊತ್ತಿಲ್ಲದವಳು ಎಂದುಕೊಂಡು ಹಿಡಿದ ಪಕ್ಷ ಅದು. ಈಗ ಸುಮ್ಮನಿದ್ದರೆ ಆ ಮನೆಯಲ್ಲಿ ಅವಳು ಸಾಯುವವರೆಗೂ ಏನೂ ಅರಿಯದ ಪಟ್ಟಣದ ನೆಂಟಳೇ. ಅವಳು ಹೋಗಿ ಫೋನು ಕಿತ್ತುಕೊಂಡಳು.

"ಶೌನಾ, ಉಜ್ಜಿದ್ದು ನಾನು. ಗೊತ್ತಿಲ್ದೆ ಅಲ್ಲ. ಗೊತ್ತಿದ್ದೇ ಉಜ್ಜಿದೆ. ನಿಮ್ಮಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚು."

ಲಾಮಾರ್ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿದ್ದ ಕನಿಕರ ಇಳಿದುಹೋದದ್ದು ಅವಳಿಗೆ ಕಾಣಿಸಿತು.

"ಹಾಗಾದ್ರೆ ಕೇಳಿ," ಎಂದಳು ಶೌನಾ. "ಆ ಕುರ್ಚೀಲಿ ಈ ಸಲ ನಾನು ಕೂರ್ತೀನಿ. ಮೂರು ದಿನಾನೂ ಅಡುಗೆ ನಿಮ್ದು. ಅಂಟಿದ್ರೆ ಅಂಟಲಿ, ಸೀದ್ರೆ ಸೀಯಲಿ, ಕಬ್ಬಿಣದ ರುಚಿ ಬಂದ್ರೆ ಬರಲಿ, ತಿಂತೀವಿ. ಆದ್ರೆ ತಿನ್ನೋವಾಗ ಅಮ್ಮನ ಮಾತು ಆಡ್ತಾನೇ ಇರ್ತೀವಿ. ನೀವು ಎದ್ದು ಹೋಗಬಾರದು. ಕೂತು ಕೇಳಬೇಕು."

"ಹೂಂ," ಎಂದಳು ಕಾರ್ಲೀನ್.

ಫೋನು ಇಟ್ಟಾಗ ಲಾಮಾರ್ ಎದ್ದು ಒಳಗೆ ಹೋಗಿದ್ದ. ಕೊಬ್ಬಿನ ಡಬ್ಬಿ, ಒಂದು ಹಳೆಯ ಬಟ್ಟೆ ಹಿಡಿದು ಬಂದು ಅವಳ ಮುಂದಿಟ್ಟ.

"ತೆಳ್ಳಗೆ ಸವರು, ಮೊದಲಿಂದ ಪಳಗಿಸಬೇಕು," ಎಂದ. ಅಷ್ಟು ಬಿಟ್ಟರೆ ಆ ಸಂಜೆ ಅವನು ಅವಳ ಜೊತೆ ಮಾತಾಡಲಿಲ್ಲ.