ಮಂಚ ತಿರುಗುವ ಅಳತೆ

ಕೊಕ್ಕರೆ ಅಲ್ಲ ಅದು, ಗಾಜಿನೊಳಗೆ ಹಾರುತ್ತಿರುವ ಕೊಕ್ಕರೆ, ಪುಟ್ಟೇನಹಳ್ಳಿ ಕೆರೆ ಅಷ್ಟೂ ಆ ಗಾಜಿನೊಳಗೆ ಎದ್ದು ನಿಂತಿದೆ, ಹದಿನಾಲ್ಕು ಅಡಿ ಉದ್ದ, ಒಂಬತ್ತು ಅಡಿ ಎತ್ತರ, ನಡುವೆ ಒಂದು ಚೌಕಟ್ಟಿಲ್ಲ, ತೆರೆಯುವ ರೆಕ್ಕೆಯಿಲ್ಲ, ಬೆಳಗಿನ ಬಿಸಿಲಿಗೆ ಕಣ್ಣು ಕುಕ್ಕುತ್ತಿದೆ, ಅದರ ಹಿಂದೆ, ಮಹಡಿಯ ಕೋಣೆಯಲ್ಲಿ, ಪಿಳ್ಳಪ್ಪಣ್ಣ ಸತ್ತು ಮಲಗಿದ್ದಾನೆ, ಕೆಳಗಿಳಿಸಲು ಆಗುತ್ತಿಲ್ಲ. ಏಳು ಗಂಟೆಗೆ ಫೋನು, ಅವನ ಮಗ ಬಾಲರಾಜು, ಮೇಸ್ತ್ರಿ ಬೇಗ ಬನ್ನಿ, ಅಪ್ಪ ಹೋಗ್ಬಿಟ್ರು, ಮೆಟ್ಲಲ್ಲಿ ಇಳಿಸೋಕೆ ಆಗ್ತಿಲ್ಲ, ನೀವೇ ಕಟ್ಟಿದ್ದಲ್ವಾ — ನೀವೇ ಕಟ್ಟಿದ್ದಲ್ವಾ ಅಂತೆ, ಹೌದಪ್ಪ, ನಾನೇ ಕಟ್ಟಿದ್ದು, ಮೆಹಬೂಬ್ ಪಾಷಾ, ಯಲಹಂಕದ ಆಚೆ ಈಚೆ ನಲವತ್ತು ವರ್ಷ ಗೋಡೆ ಎಬ್ಬಿಸಿದವನು, ಗೃಹಪ್ರವೇಶದ ದಿನ ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಎದ್ದವನು, ಅವತ್ತು ಯಾರಿಗೂ ನೆನಪಾಗಲಿಲ್ಲ ಯಾರು ಕಟ್ಟಿದ್ದು ಅಂತ, ಇವತ್ತು ನೆನಪಾಯಿತು. ಗೇಟಿನ ಹತ್ತಿರ ಶಾಮಿಯಾನದವರು ಕಂಬ ನಿಲ್ಲಿಸುತ್ತಿದ್ದಾರೆ, ಚಟ್ಟಕ್ಕೆ ಬಿದಿರು ಬಂದಿದೆ, ಹೂವಿನ ಮೂಟೆ ಬಂದಿದೆ, ತಮಟೆಯವರು ತಮಟೆ ಕಾಯಿಸಲು ಹುಲ್ಲು ಹಚ್ಚಿದ್ದಾರೆ, ಎಲ್ಲ ಬಂದಿದೆ, ಹೆಣ ಮಾತ್ರ ಬಂದಿಲ್ಲ.

ಒಂದು ಸಲ ಇಳಿಸಿ ನೋಡಿದ್ದರಂತೆ, ನನ್ನ ಕಣ್ಣೆದುರು ಇನ್ನೊಂದು ಸಲ ನೋಡಿದರು. ಆರಡಿ ಆಳು ಪಿಳ್ಳಪ್ಪಣ್ಣ, ನಿದ್ದೆಯಲ್ಲೇ ಯಾವಾಗಲೋ ಹೋಗಿದ್ದಾನೆ, ಬೆಳಗಾಗುವಷ್ಟರಲ್ಲಿ ಮೈ ಸೆಟೆದು ಕೊರಡಾಗಿದೆ, ಮಂಡಿ ನೋವೆಂದು ಆಸ್ಪತ್ರೆಗೆ ಹೋಗುವಾಗ ಡ್ರೈವರು ಎರಡು ಸಲ ಬೆನ್ನ ಮೇಲೆ ಹೊತ್ತು ಇಳಿಸಿದ್ದ, ಬದುಕಿದ್ದವನು ಬಗ್ಗುತ್ತಾನೆ, ಸತ್ತವನು ಯಾರ ಮಾತಿಗೂ ಬಗ್ಗುವುದಿಲ್ಲ. ಮೆಟ್ಟಿಲು ಎರಡೂಕಾಲು ಅಡಿ, ಎರಡೂ ಕಡೆ ಗೋಡೆ, ಎರಡು ತಿರುವು, ತಲೆಯ ಮೇಲೆ ಇಳಿಜಾರು ಸೂರು, ಇಬ್ಬರು ಪಕ್ಕಪಕ್ಕ ನಿಲ್ಲಲಾರರು, ಮೊದಲ ತಿರುವಿನಲ್ಲೇ ಪಾದ ಈ ಗೋಡೆಗೆ, ತಲೆ ಆ ಗೋಡೆಗೆ, ನಿಲ್ಲಿಸಿ ಇಳಿಸೋಣ ಅಂದ ಯಾರೋ ನೆಂಟ, ಎತ್ತಿ ನಿಲ್ಲಿಸಿದರು, ಹಣೆ ಸೂರಿಗೆ ಬಡಿಯಿತು, ಆ ಸದ್ದು — ಬುಡ್ರೋ, ಅಂತ ಕೆಳಗಿಂದ ಲಕ್ಕಮ್ಮಕ್ಕ ಕೂಗಿಕೊಂಡಳು, ಅವಳ ಗಂಡ, ಐವತ್ತೆಂಟು ವರ್ಷ ಜೊತೆಗೆ ಬಾಳಿದ ಗಂಡ, ಬದುಕಿರೋನ ನಿಲ್ಸ್ದಂಗೆ ನಿಲ್ಲಿಸ್ಬ್ಯಾಡ್ರೋ, ಮಲಗ್ಸ್ರೋ ಅವ್ನ — ಮತ್ತೆ ಮೇಲಕ್ಕೇ ಒಯ್ದು ಮಲಗಿಸಿದರು. ಮೂರೂವರೆ ಅಡಿ ಬೇಕು ಮೆಟ್ಟಿಲಿಗೆ. ಇನ್ನೊಂದೂಕಾಲು ಅಡಿ ಇದ್ದಿದ್ದರೆ ಸಾಕಾಗಿತ್ತು. ಕರಣೆ ಹಿಡಿಯುವ ಮೊದಲೇ ಅಬ್ಬಾ ಕಲಿಸಿದ ಅಳತೆ ಅದು, ಪಲಂಗ್ ಫಿರ್ನಾ ಬೇಟಾ, ಆಗೇ ನಕ್ಕೋ ಪೂಚ್, ಮಂಚ ತಿರುಗಬೇಕು, ಮುಂದೆ ಕೇಳಬೇಡ, ಯಾರನ್ನು ಮಲಗಿಸಿದ ಮಂಚ ಅಂತ ಯಾರೂ ಕೇಳುವುದಿಲ್ಲ, ಏಳುತ್ತಿರುವ ಮನೆಯೊಳಗೆ ಸಾವಿನ ಹೆಸರೆತ್ತಬಾರದು, ಕಟ್ಟುವವನಂತೂ ಎತ್ತಲೇಬಾರದು, ನಮ್ಮ ಜನಾಜಾ ಆಗಲಿ ಅವರ ಚಟ್ಟವಾಗಲಿ ಅಳತೆ ಒಂದೇ, ಮಂಚ ತಿರುಗಬೇಕು ಅಂದರೆ ಯಜಮಾನ ತಲೆಯಾಡಿಸುತ್ತಾನೆ, ಮುಗಿಯಿತು. ಇದೇ ಜಾಗದಲ್ಲಿ ದ್ರಾಕ್ಷಿ ತೋಟದ ನಡುವೆ ಇದ್ದ ಹಳೆಯ ಮನೆ ಅಬ್ಬಾ ಕಟ್ಟಿದ್ದು, ಪಿಳ್ಳಪ್ಪಣ್ಣನ ಅಪ್ಪ ಅಲ್ಲಿಂದ ಹೊರಟಾಗ ನಾನು ನೋಡಿದ್ದೇನೆ, ನಾಲ್ಕು ಜನ ಹೆಗಲು ಕೊಟ್ಟು ನೆಟ್ಟಗೆ ಮುಂಬಾಗಿಲಿನಲ್ಲಿ ಬಂದರು, ಎಲ್ಲೂ ತಗುಲಲಿಲ್ಲ, ಎಲ್ಲರೂ ಹೆಣ ನೋಡುತ್ತಿದ್ದರೆ ಅಬ್ಬಾ ಕಲ್ಲುಕಂಬದ ಪಕ್ಕ ನಿಂತು ಬಾಗಿಲನ್ನೇ ನೋಡುತ್ತಿದ್ದರು.

ಬಾಲರಾಜುವಿನ ಫೋನು, ಆ ಹಾಳು ಫೋನು, ಮನೆ ಕಟ್ಟುವ ಮುಂಚೆ ದಿನಾ ಅದರಲ್ಲಿ ಫೋಟೋ ತೋರಿಸುತ್ತಿದ್ದ, ಜಪಾನಿನ ಮನೆ ನೋಡಿ ಮೇಸ್ತ್ರಿ, ಏಳಡಿ ಸೈಟಲ್ಲಿ ಹೆಂಗೆ ಎಬ್ಬಿಸಿದಾರೆ, ಪೋರ್ಚುಗಲ್ ನೋಡಿ, ಪ್ಲಾಸ್ಟರಿಂಗ್ ಇಲ್ಲ ಪೇಂಟ್ ಇಲ್ಲ, ಬರೀ ಕಾಂಕ್ರೀಟು, ಚಿಲಿ ದೇಶದಲ್ಲಿ ಬಂಡೆಯ ತುದಿಯಿಂದ ಸಮುದ್ರದ ಮೇಲೆ ಚಾಚಿಕೊಂಡ ಮನೆ, ವಿಯೆಟ್ನಾಮಿನಲ್ಲಿ ಸೂರು ತೂರಿ ಮರ ಬಂದ ಮನೆ, ನಾರ್ವೆಯಲ್ಲಿ ಮೈಯೆಲ್ಲ ಕನ್ನಡಿಯಿದ್ದು ಕಾಡಿನೊಳಗೆ ಕಾಣದೇ ಹೋಗುವ ಮನೆ, ಕಾಣದೇ ಹೋಗುವುದಕ್ಕೆ ಅಷ್ಟು ಖರ್ಚೇಕೆ ಅಂತ ನಾನು ಕೇಳಲಿಲ್ಲ. ಚೆನ್ನಾಗಿಲ್ಲ ಅಂದರೆ ಸುಳ್ಳಾಗುತ್ತದೆ, ಆ ಬಂಡೆಯ ಮೇಲೆ ನಿಂತು ಶಟರಿಂಗ್ ಹೊಡೆದವನ ಕೈಗೆ ನನ್ನ ಸಲಾಂ, ಆದರೆ ಒಂದು ಫೋಟೋದಲ್ಲಾದರೂ ಮನುಷ್ಯ ಬೇಡವೇ, ಪೊರಕೆ ಇಲ್ಲ, ಚಪ್ಪಲಿ ಇಲ್ಲ, ಒಣಹಾಕಿದ ಬಟ್ಟೆ ಇಲ್ಲ, ಊರುಗೋಲು ಇಲ್ಲ, ಎಲ್ಲೋ ಒಂದರಲ್ಲಿ ಒಬ್ಬ ಹೆಂಗಸು, ಅವಳೂ ನಡೆದುಹೋಗುವಾಗ ಹಿಡಿದ ಮಸುಕು, ಮುಖವೇ ಇಲ್ಲ. ಆ ಮನೆಗಳಲ್ಲಿ ಯಾರೂ ಸಾಯುವುದಿಲ್ಲವೇನೋ, ಸಾಯುವುದಕ್ಕೆ ಬೇರೆ ಮನೆ ಇಟ್ಟುಕೊಂಡಿದ್ದಾರೇನೋ. ಬಾಲರಾಜುವಿನ ಮಗಳು ರಮ್ಯ, ಓದು ಮುಗಿಸಿದ ಆರ್ಕಿಟೆಕ್ಟು, ಅವಳ ಮೊದಲ ಮನೆ ಇದು, ಒಂದೊಂದು ದೇಶದಿಂದ ಒಂದೊಂದು ತಂದಳು, ಗಾಜು ಒಂದು ಕಡೆಯದು, ಬರಿಮೈ ಕಾಂಕ್ರೀಟು ಇನ್ನೊಂದು ಕಡೆಯದು, ಗೋಡೆಗಳ ನಡುವೆ ನುಸುಳಿ ಹೋಗುವ ಮೆಟ್ಟಿಲು ಜಪಾನಿನದು, ಕೆಳಗೆ ಮಲಗುವ ಕೋಣೆ ಒಂದೂ ಇಲ್ಲ, ಬಯಲಿನಂಥ ಹಾಲ್ ಅಷ್ಟೆ. ಕೆಟ್ಟ ಹುಡುಗಿಯಲ್ಲ, ಪಾಷಾ ತಾತ ಅಂತ ಬಾಯ್ತುಂಬ ಕರೆಯುತ್ತಾಳೆ, ಬಿಸಿಲಲ್ಲಿ ನಮ್ಮ ಜೊತೆ ನಿಂತು ಟೀ ಕುಡಿದಳು, ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಿತ್ತು. ಮೆಟ್ಟಿಲಿನ ಗೋಡೆ ಶುರು ಮಾಡುವ ದಿನ ನಾನು ಕೆಂಪು ಪುಡಿ ಹಚ್ಚಿದ ದಾರ ಎಳೆದು ಚಿಮ್ಮಿಸಿದೆ, ನೆಲದ ಮೇಲೆ ಟಪ್ ಅಂತ ಕೆಂಪು ಗೆರೆ ಬಿತ್ತು, ಮೂರೂವರೆ ಅಡಿಗೆ, ಕೈ ತಾನೇ ಅಳೆದದ್ದು, ರಮ್ಯ ನಕ್ಷೆ ಬಿಚ್ಚಿ, ತಾತ, ಎರಡೂಕಾಲು ಇದು, ಇಕ್ಕಟ್ಟಲ್ಲಿ ಹತ್ತಿ ಒಂದೇ ಸಲ ಬೆಳಕಿಗೆ ಬರ್ಬೇಕು, ಅದೇ ಇದರ ಮಜಾ. ಮಂಚ ತಿರುಗಲ್ಲಮ್ಮಾ, ಅಂದೆ. ಬಾಲರಾಜು ನಕ್ಕುಬಿಟ್ಟ, ಬಿಚ್ಚಿ ಜೋಡಿಸೋ ಮಂಚ ಬರುತ್ತೆ ಮೇಸ್ತ್ರಿ, ಯಾವ ಕಾಲದಲ್ಲಿದೀರಾ. ಸಿಮೆಂಟ್ ಮೂಟೆಯ ಮೇಲೆ ಕೂತಿದ್ದ ಪಿಳ್ಳಪ್ಪಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ, ಅವನಿಗೆ ಗೊತ್ತಾಯಿತು, ಅಷ್ಟೂ ಗೊತ್ತಾಯಿತು, ಮಗ ಮೊಮ್ಮಗಳು ಆಚೆ ಹೋದ ಮೇಲೆ ಮೆತ್ತಗೆ, ಓಗ್ಲಿ ಬುಡ್ಲಾ ಪಾಷಾ, ಮಗು ಆಸೆಪಟ್ಟೈತೆ, ನೀನಿದ್ದೀಯಲ್ಲ, ಎಂಗಾನಾ ಮಾಡಿ ಇಳುಸ್ತೀಯ ನನ್ನ.

ಬಿಡಿಸಿ ಹೇಳಬಹುದಿತ್ತು. ಅಮ್ಮಾ ರಮ್ಯ, ಹೆಣ ಇಳಿಯುವುದಿಲ್ಲ ಇದರಲ್ಲಿ — ಐದು ಮಾತು, ಅಷ್ಟೇ. ಹೇಳಲಿಲ್ಲ, ಹೊಸ ಮನೆಯಲ್ಲಿ ಮೇಸ್ತ್ರಿ ಅಪಶಕುನ ಆಡಿದ, ಅದೂ ಸಾಬರ ಮೇಸ್ತ್ರಿ, ನಾಳೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ನನ್ನ ನಾಲಿಗೆಯ ಮೇಲೆ ಬರುತ್ತದೆ, ಹಾಗೆಂದು ನನಗೆ ನಾನು ಹೇಳಿಕೊಂಡೆ, ನಿಜವೇ ಅದು, ಆದರೂ ಹೆದರಿಕೆಗೆ ಒಳ್ಳೆಯ ಹೆಸರು ಹುಡುಕುವುದರಲ್ಲಿ ನಾನು ಯಾರಿಗೇನು ಕಡಿಮೆ. ಗೋಡೆ ಎರಡೂಕಾಲಿಗೆ ಎದ್ದಿತು, ಗೆರೆ ಗೋಡೆಯಾಚೆ ಹಾಲ್‌ನಲ್ಲೇ ಉಳಿಯಿತು, ನೆಲ ಪಾಲಿಶ್ ಮಾಡುವಾಗ ರಮ್ಯ ಕೇಳಿದಳು, ಇದೇನು ತಾತ, ತಪ್ಪಾಗಿ ಬಿದ್ದಿದ್ದಮ್ಮಾ, ಉಜ್ಜಿಬಿಡ್ತೀನಿ, ಬೇಡ ಬೇಡ, ಎಷ್ಟ್ ಚೆನ್ನಾಗಿದೆ, ಕೆಲಸದ ಗುರುತು, ಇರ್ಲಿ ಬಿಡಿ. ಅದರ ಮೇಲೆ ಎರಡು ಕೋಟು ಪಾರದರ್ಶಕ ಬಣ್ಣ ಬಳಿಸಿದಳು, ಬಂದವರೆಲ್ಲ ಬಗ್ಗಿ ಅದರ ಫೋಟೋ ತೆಗೆಯುತ್ತಾರೆ, ಮನೆಯ ಅಲಂಕಾರವಂತೆ ಅದು.

ಈಗೇನ್ಮಾಡೋಣ ಮೇಸ್ತ್ರಿ, ಬಾಲರಾಜು ಕೇಳುತ್ತಾನೆ, ಕಣ್ಣು ಊದಿದೆ, ಅಪ್ಪನಿಗೆ ಅತ್ತದ್ದು ಸುಳ್ಳಲ್ಲ. ಮೆಟ್ಟಿಲಿನ ಗೋಡೆ ಮುಟ್ಟುವಂತಿಲ್ಲ, ಮೇಲಿನ ಭಾರವೆಲ್ಲ ಅದರ ಮೇಲಿದೆ, ಉಳಿದದ್ದು ಎರಡು ದಾರಿ, ಗಾಜು ಒಡೆದರೆ ಮುಂಬಾಗಿಲ ಮುಂದೆ ನೆಟ್ಟಗೆ ಇಳಿಸಬಹುದು, ಇಲ್ಲವಾದರೆ ಹಿಂದುಗಡೆ ಬಾತ್‌ರೂಮಿನ ಗೋಡೆ, ಅದು ಬರೀ ಇಟ್ಟಿಗೆ. ಗ್ಲಾಸ್ ಬೇಡ ಮೇಸ್ತ್ರಿ, ಇನ್ನೊಂದು ಬರೋಕೆ ಮೂರು ತಿಂಗಳು ಬೇಕು, ಗುರುವಾರ ಫೋಟೋದವ್ರು ಬರ್ತಾರೆ, ಫಾರಿನ್ ಮ್ಯಾಗಜೀನು, ಪ್ರಪಂಚದಲ್ಲೇ ಐವತ್ತು ಮನೆ ಆರಿಸಿದಾರೆ, ಅದ್ರಲ್ಲಿ ನಮ್ಮದೂ ಒಂದು, ರಮ್ಯ ಲೈಫಿನ ಪ್ರಶ್ನೆ. ಇವತ್ತು ಸೋಮವಾರ, ಬುಧವಾರ ಸಮಾಧಿಗೆ ಹಾಲುತುಪ್ಪ, ಗುರುವಾರ ಫೋಟೋ, ಎಷ್ಟು ಸರಿಯಾಗಿ ಕೂತಿದೆ ಲೆಕ್ಕ. ಲಕ್ಕಮ್ಮಕ್ಕ ನನ್ನ ತೋಳು ಹಿಡಿದಿದ್ದಾಳೆ, ಒಡ್ದಾಕಪ್ಪ ಪಾಷಾ ಆ ಗಾಜ್ನ, ಮುಂದ್ಲ ಬಾಕ್ಲಾಗೆ ಓಗ್ಲಿ ಅವ್ನು, ಇತ್ತಿಲಿಂದ ಬ್ಯಾಡ, ಕಸ ಎಸ್ದಂಗೆ ಬ್ಯಾಡ. ಸುತ್ತಿಗೆ ನನ್ನ ಕೈಯಲ್ಲಿದೆ, ಹತ್ತು ಕೆ.ಜಿ. ಸುತ್ತಿಗೆ, ಒಂದೇ ಏಟು, ಕೊಕ್ಕರೆ ಸಮೇತ ಕೆರೆ ಪುಡಿಪುಡಿಯಾಗುತ್ತದೆ, ಮಹಡಿಗೆ ಹತ್ತಿ ಗಾಜಿನ ಮುಂದೆ ನಿಂತೂ ಆಯಿತು, ಗಾಜಿನಲ್ಲಿ ನಾನೂ ಕಾಣುತ್ತೇನೆ, ನನ್ನ ಹಿಂದೆ ಮಂಚದ ಮೇಲೆ ಅವನೂ, ಬಾಲರಾಜು ಹತ್ತಿರ ಬಂದು, ಗದರಿಸಲಿಲ್ಲ, ಮೆತ್ತಗೇ ಅಂದ, ಬಾಗಲೂರಲ್ಲಿ ಹನ್ನೆರಡು ವಿಲ್ಲಾ ಕಟ್ಟೋ ಕೆಲ್ಸ ನಿಮ್ಮ ಫೈಜಾನ್‌ಗೇ ಕೊಡ್ತಿದೀನಿ, ನಮ್ಮಲ್ಲಿ ನಮ್ಮಲ್ಲಿ ಯಾಕೆ ಮೇಸ್ತ್ರಿ. ನನ್ನ ಮಗ, ಮೂರು ವರ್ಷದಿಂದ ಶೆಟ್ಟಿಹಳ್ಳಿಯಲ್ಲಿ ಬೇರೆಯವರ ಕೆಳಗೆ ಟೈಲ್ಸ್ ಹಾಕುತ್ತಿರುವವನು. ಕಾಲು ತಾನೇ ಬಾತ್‌ರೂಮಿನ ಕಡೆ ತಿರುಗಿತು. ಮಂಚ ತಿರುಗದ ಮನೆಯಲ್ಲಿ ನಾನು ಎಷ್ಟು ಸಲೀಸಾಗಿ ತಿರುಗುತ್ತೇನೆ.

ಇಪ್ಪತ್ತು ಏಟಿಗೆ ಗೋಡೆ ಹೋಯಿತು, ನಾನೇ ಕೂರಿಸಿದ ಇಟ್ಟಿಗೆ, ನಾನೇ ಕಲಸಿದ ಗಾರೆ, ಸುಲಭಕ್ಕೆ ಬಿಡಲಿಲ್ಲ, ಒಳ್ಳೆಯ ಕೆಲಸ ಮಾಡಿದ್ದೆ. ಪಕ್ಕದ ಲೇಔಟಿನಿಂದ ಜೆಸಿಬಿ ಬಂತು, ಮುಂದಿನ ಬಕೆಟ್ ಎತ್ತಿ ತೂತಿಗೆ ಹಿಡಿದ ಡ್ರೈವರು, ಬಕೆಟ್ಟಿನ ತುಂಬ ಯಾರದೋ ಪಾಯದ ಕೆಸರು, ಇದರಲ್ಲಾ, ಅಂದರು ಯಾರೋ, ನಾನು ಸ್ಟೋರ್ ರೂಮಿನಿಂದ ಕಂಬಳಿ ತಂದೆ, ಆರು ದಪ್ಪ ಕಂಬಳಿ, ಗಾಜಿಗೆ ಸುತ್ತಿ ಬಂದದ್ದು, ಅವತ್ತು ಅದನ್ನು ಏರಿಸಲು ಕ್ರೇನು, ಎಂಟು ಜನ, ಮೆಲ್ಲಗೆ ಮೆಲ್ಲಗೆ ಅಂತ ಬಾಲರಾಜು ಕೂಗಿದ್ದೇ ಕೂಗಿದ್ದು, ಪಿಳ್ಳಪ್ಪಣ್ಣ ಬಾಯಿಗೆ ಪಂಚೆ ಒತ್ತಿ ನಕ್ಕು, ಮದ್ವೆ ಎಣ್ಣಿಗೂ ಇಷ್ಟು ಉಪಚಾರ ಇಲ್ವಲ್ಲೋ ಪಾಷಾ — ಅದೇ ಕಂಬಳಿ ಹಾಸಿದೆ. ಅವನನ್ನು ಮಲಗಿಸಿ ನಾನೂ ಬಕೆಟ್ಟಿನೊಳಗೆ ಕೂತೆ, ತಲೆ ನನ್ನ ತೊಡೆಯ ಮೇಲೆ, ಹಣೆಯಲ್ಲಿ ಸೂರು ತಗುಲಿದ ಗಾಯ, ಸತ್ತ ಮೈಗೆ ಗಾಯವಾದರೆ ರಕ್ತ ಬರುವುದಿಲ್ಲ, ಬಿಳುಚಿ ಸುಲಿದಿರುತ್ತದೆ ಅಷ್ಟೆ, ಕೆಳಗೆ ಇಳಿಯುತ್ತಿದ್ದೇವೆ, ಕೊಳಾಯಿ ಪೈಪಿನ ಪಕ್ಕ, ಎಸಿ ಡಬ್ಬದ ಬಿಸಿಗಾಳಿಯ ಪಕ್ಕ, ಹಿತ್ತಿಲಲ್ಲಿ ಲಕ್ಕಮ್ಮಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದಾಳೆ, ಮೇಲೆ ಏರ್‌ಫೋರ್ಸಿನ ವಿಮಾನ ಆಕಾಶ ಸೀಳಿಕೊಂಡು ಹೋಯಿತು, ಇಳಿಸಿದೆನಲ್ಲ ಅಣ್ಣ, ಹೆಂಗಾದರೂ ಇಳಿಸುತ್ತೀಯ ಅಂದಿದ್ದೆಯಲ್ಲ, ಹೆಂಗಾದರೂ ಅಂದರೆ ಹೀಗೆ.

ಈಗ ಮುಂದೆ ಶಾಮಿಯಾನದ ಕೆಳಗೆ ಅವನಿಗೆ ನೀರು ಹಾಕುತ್ತಿದ್ದಾರೆ, ತಮಟೆ ಶುರುವಾಗಿದೆ, ನಾನು ಸುತ್ತಿಗೆ ತೆಗೆದುಕೊಂಡು ಹೋಗೋಣವೆಂದು ಒಳಗೆ ಬಂದೆ, ಮೈಯೆಲ್ಲ ಇಟ್ಟಿಗೆ ಧೂಳು, ಅಂಗೈ ಕೆಂಪು, ಹಾಲ್ ಪೂರ್ತಿ ಖಾಲಿ, ಫೋಟೋದಲ್ಲಿರುವ ಹಾಗೇ ಖಾಲಿ, ಗಾಜಿನ ಬೆಳಕು ಮೆಟ್ಟಿಲಿನಲ್ಲಿ ಇಳಿದು ನೆಲದ ಮೇಲೆ ಬಿದ್ದಿದೆ, ಬೆಳಕಿಗೆ ಎರಡೂಕಾಲು ಅಡಿ ಸಾಕು. ಮೆಟ್ಟಿಲ ಬುಡದಲ್ಲಿ ರಮ್ಯ ಒಬ್ಬಳೇ, ಗೋಡೆಗೆ ಕೈ ಒತ್ತಿಕೊಂಡು, ಅತ್ತು ಅತ್ತು ಮೂಗು ಕೆಂಪಾಗಿದೆ, ತಾತನ ಮುಖಕ್ಕೆ ಏಟಾಗಿದೆ ನೋಡಿದ್ರಾ ಪಾಷಾ ತಾತ, ನನ್ನಿಂದಲೇ ಅಲ್ವಾ, ನಂಗೆ ಗೊತ್ತೇ ಆಗ್ಲಿಲ್ಲ, ಯಾರೂ ಹೇಳ್ಲಿಲ್ಲ, ಕಾಲೇಜಲ್ಲೂ ಹೇಳ್ಲಿಲ್ಲ, ನಲವತ್ತು ವರ್ಷ ಮನೆ ಕಟ್ಟಿದೀರಿ, ನೀವಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲ. ಹೇಳಬೇಕು, ಈಗಲಾದರೂ, ನಿನ್ನ ತಾತನಿಗೆ ಗೊತ್ತಿತ್ತಮ್ಮ, ಗೊತ್ತಿದ್ದೇ ಬಿಟ್ಟುಕೊಟ್ಟ, ನಿನಗೋಸ್ಕರ — ಅದನ್ನು ಹೇಳಿದರೆ ಈ ಹುಡುಗಿ ಬದುಕುತ್ತಾಳೆಯೇ, ಹೇಳದಿದ್ದರೆ ನಾನು — ಬಾಯಿ ತೆರೆದಿದೆ, ಕಣ್ಣು ಕೆಳಗೆ ಹೋಗುತ್ತದೆ, ಅವಳ ಕಾಲಿನ ಹತ್ತಿರ, ಗೋಡೆಯಿಂದ ಒಂದೂಕಾಲು ಅಡಿ ಈಚೆಗೆ, ಎರಡು ಕೋಟು ಬಣ್ಣದ ಕೆಳಗೆ, ಇವತ್ತು ಬೆಳಿಗ್ಗೆ ಹೊಡೆದ ಹಾಗೆ, ನೆಟ್ಟಗೆ, ಕೆಂಪಗೆ, ಎಲ್ಲೂ ವಾಲದೆ, ಮುಂಬಾಗಿಲಿನವರೆಗೂ, ಆ ಗೆರೆ, ಒಂದೂಕಾಲು ಅಡಿ, ಆ ಗೆರೆ, ಅವಳು ನಿಂತಿರುವುದು ಆ ಗೆರೆಯ ಮೇಲೆ.