ಗೇಟಿನಾಚೆಯ ಬಳಗ

ತುಳಜಾಬಾಯಿ ಗೇಟಿನಲ್ಲಿ ಕಾಲು ಅದ್ದುವ ಹೊಂಡಕ್ಕೆ ಹೊಸ ಸುಣ್ಣದ ನೀರು ಸುರಿಯುತ್ತಿದ್ದಾಗ ಡಾಂಬರು ರಸ್ತೆಯ ಆಚೆ ಟಂಟಂ ಗಾಡಿ ಬಂದು ನಿಂತಿತು. ಮೊದಲು ಇಳಿದವನು ಮೈದುನ ಕಪಿಲ. ಹಿಂದೆ ಅವನ ಹೆಂಡತಿ ಸರಿತಾ, ಆಮೇಲೆ ಮುಧೋಳದ ಬಳಗದವರು. ಒಳಗೆ ತಗಡಿನ ಮನೆಯಲ್ಲಿ ತುಳಜಾಬಾಯಿಯ ಗಂಡ ರಾಮಲಿಂಗನ ಹೆಣ ಬಿಳಿ ಬಟ್ಟೆ ಹೊದ್ದು ಚಟ್ಟದ ಮೇಲೆ ಮಲಗಿತ್ತು. ನಸುಕಿನಲ್ಲಿ ಹಂದಿಗಳ ಕೂಳು ಕುದಿಸುತ್ತ ಒಲೆಯ ಮುಂದೆ ಕುಳಿತವನು ಕುಳಿತ ಹಾಗೆಯೇ ಹೋಗಿಬಿಟ್ಟಿದ್ದ. ಮೈ ತೊಳೆದವಳು ಅವಳೇ, ಬಟ್ಟೆ ಉಡಿಸಿದವಳೂ ಅವಳೇ, ಚಟ್ಟ ಕಟ್ಟಿದವಳೂ ಅವಳೇ. ಮಕ್ಕಳಿಲ್ಲದ ಮನೆಗೆ ಇನ್ನು ಯಾರು ಬರಬೇಕು?

ಬಕೆಟ್ಟು ಕೆಳಗಿಟ್ಟು ಅವಳು ಗೇಟಿನ ಚಿಲಕ ಹಾಕಿದಳು.

“ಕಪಿಲಾ, ಅಲ್ಲೇ ನಿಂದ್ರಪ. ರಸ್ತೆ ದಾಟಬ್ಯಾಡ.”

“ಏನಂದಿ ವೈನಿ?”

“ನಿಮ್ಮ ಹಂದಿ ಹೋದ ವಾರ ಸತ್ತಾವಂತಲ್ಲ. ಖರೇ ಹೌದಿಲ್ಲೋ?”

“ಸತ್ತಾವ, ಎಲ್ಲಾ ಸತ್ತಾವ. ಕಿವಿ ಕೆಂಪಗಾಗಿ, ಎದ್ದು ನಿಂದ್ರಲಾರದ ಸತ್ತಾವ. ಅದಕ್ಕೀಗೇನು? ನಾ ಹಂದಿ ನೋಡ್ಲಿಕ್ಕ ಬಂದಿಲ್ಲ, ನಮ್ಮಣ್ಣನ ಮಾರಿ ನೋಡ್ಲಿಕ್ಕ ಬಂದೀನಿ.”

“ಹೊರಗ ತಂದು ತೋರಿಸ್ತೀನಿ. ಒಳಗ ಮಾತ್ರ ಬರಬ್ಯಾಡ್ರಿ.”

ಕಪಿಲ ನಕ್ಕ. ಹೆಣದ ಮನೆಯ ಮುಂದೆ ನಗಬಾರದ ನಗೆ ಅದು. “ಯಾರು ಹೊತ್ಕೊಂಡ ಬರ್ತಾರ? ನೀ ಒಬ್ಬಾಕೀನೇ?”

ತುಳಜಾಬಾಯಿ ತಿರುಗಿ ಕೊಟ್ಟಿಗೆಯ ಕಡೆ ನೋಡಿದಳು. ಹಂದಿಗಳ ಈ ಜ್ವರ ಮನುಷ್ಯರಿಗೆ ಬರುವಂಥದ್ದಲ್ಲ. ಆದರೆ ಮನುಷ್ಯರ ಚಪ್ಪಲಿಗೆ, ಸೀರೆಯ ಅಂಚಿಗೆ, ಗಾಡಿಯ ಗಾಲಿಗೆ ಅಂಟಿಕೊಂಡು ಬರುತ್ತದೆ. ಬಂದರೆ ಔಷಧವಿಲ್ಲ, ಕೊಟ್ಟಿಗೆ ಖಾಲಿ ಮಾಡಿಯೇ ಹೋಗುತ್ತದೆ. ಒಳಗೆ ಕೊಟ್ಟಿಗೆ ತುಂಬಿತ್ತು. ತುಂಬಿದ ಬಸುರಿ ಹಂದಿಯೊಂದು ಬೆಳಗಿನಿಂದ ಹುಲ್ಲು ಎಳೆದೆಳೆದು ಹಾಸಿಗೆ ಮಾಡಿಕೊಳ್ಳುತ್ತಿತ್ತು, ಅಂದರೆ ಇವತ್ತೇ ಮರಿ ಹಾಕುವುದಿತ್ತು. ಗಂಡ ಹೋದ ದಿನವೇ ಅವನು ಕಟ್ಟಿದ್ದೂ ಹೋದರೆ ಅವಳಿಗೆ ಉಳಿಯುವುದೇನು? ಹಂದಿ ಸಾಕುವ ಬಳಗ ಒಳಗೆ ಬರುವ ಹಾಗಿಲ್ಲ. ಹಂದಿ ಸಾಕದ ಊರ ಜನ ಈ ಗೇಟಿನ ಕಡೆ ಸುಳಿಯುವುದಿಲ್ಲ. ರಾಮಲಿಂಗನನ್ನು ಹೊರಗೆ ತರುವವರು ಯಾರು ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

* * *

ರಾಮಲಿಂಗ ಹುಟ್ಟಾ ಒಂಟಿಯಲ್ಲ. ವಾಡಿಯ ಚಹಾದಂಗಡಿಯಲ್ಲಿ ಕುಳಿತನೆಂದರೆ ಎಬ್ಬಿಸುವುದೇ ಕಷ್ಟ. ಕರೆಯದ ಮದುವೆಗೂ ಹೋಗಿ ಸೌಟು ಹಿಡಿದು ಬಡಿಸುತ್ತಿದ್ದ ಆಸಾಮಿ. ಕೆಲವು ವರ್ಷಗಳ ಹಿಂದೆ ಹಾಗೆ ಹೋದ ಒಂದು ಮದುವೆಯಿಂದಲೇ ಉಳಿದ ಊಟವನ್ನು ಬ್ಯಾರಲ್ ತುಂಬ ತಂದು, ಕುದಿಸುವ ಗೋಜಿಗೆ ಹೋಗದೆ, ಹಂದಿಗಳಿಗೆ ಸುರಿದ. ಅದರಲ್ಲಿ ಎಲ್ಲಿಯದೋ ರೋಗದ ಹಂದಿಯ ಮಾಂಸವೂ ಇತ್ತು. ಕೆಲವೇ ದಿನಗಳಲ್ಲಿ ಕೊಟ್ಟಿಗೆಯ ಹಂದಿಗಳು ಒಂದರ ಮೇಲೊಂದು ಬಿದ್ದು ನಡುಗತೊಡಗಿದವು. ಕೊನೆಗೆ ಗಂಡ ಹೆಂಡತಿ ಸೇರಿ ಗುಂಡಿ ತೋಡಿ, ಸುಣ್ಣ ಚೆಲ್ಲಿ, ಎಲ್ಲವನ್ನೂ ಹೂತರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಮೇಲೆ ರಾಮಲಿಂಗ ಕುದಿಸದ ಕೂಳು ಹಾಕಲಿಲ್ಲ. ಕೊಟ್ಟಿಗೆಗೆ ಒಂದು ಚಪ್ಪಲಿ, ಪೇಟೆಗೆ ಇನ್ನೊಂದು. ಹೊಸದಾಗಿ ತಂದ ಮರಿಗಳು ತಿಂಗಳುಗಟ್ಟಲೆ ದೂರದ ಗೂಡಿನಲ್ಲಿಯೇ ಇರಬೇಕು. ನೆಂಟರೊಂದಿಗೆ ಮಾತೆಲ್ಲ ಗೇಟಿನಲ್ಲೇ. “ಇವನ ಹಂದಿಗೆ ಮಡಿ ಭಾಳ” ಎಂದು ಜನ ಆಡಿಕೊಂಡು ನಕ್ಕರು. ಬರಬರುತ್ತ ನಗುವುದೂ ನಿಂತಿತು, ಬರುವುದೂ ನಿಂತಿತು.

ಮುಧೋಳದಲ್ಲಿ ತಾಯಿ ತೀರಿಕೊಂಡಾಗ ಕಪಿಲನ ಹಂದಿಗಳಿಗೆ ಜ್ವರ ಬಂದಿದೆ ಎಂಬ ಸುದ್ದಿ ಹಬ್ಬಿತ್ತು. ರಾಮಲಿಂಗ ಹೋದ, ಆದರೆ ಓಣಿಯೊಳಗೆ ಕಾಲಿಡಲಿಲ್ಲ. ತೊಗರಿ ಹೊಲದ ಬದುವಿನ ಮೇಲೆ ನಿಂತು, ತಾಯಿಯ ಹೆಣ ಹೋಗುವುದನ್ನು ದೂರದಿಂದ ನೋಡಿ ಹಿಂದಿರುಗಿದ. ಅದು ಜ್ವರವಲ್ಲ, ಬರೀ ಹೊಟ್ಟೆ ಕೆಟ್ಟದ್ದು ಎಂದು ಆಮೇಲೆ ತಿಳಿಯಿತು. ತಿಳಿದು ಏನು ಮಾಡುವುದು? “ಹಡೆದವ್ವನಕಿಂತ ನಿನಗ ಹಂದಿ ಹೆಚ್ಚಾತಲ್ಲ” ಎಂದು ಕಪಿಲ ಫೋನಿಟ್ಟವನು ಮತ್ತೆ ಮಾತಾಡಲಿಲ್ಲ.

ಅವತ್ತು ರಾಮಲಿಂಗ ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ.

“ನಾ ಸತ್ತರ ಯಾರು ಬರ್ತಾರ ತುಳಜಾ?”

“ನಾ ಇಲ್ಲೇನು?”

“ನೀ ಅಳಬಹುದು ಬಿಡು. ಹೊರೋರು ಬೇಕಲ್ಲ.”

* * *

ಪಕ್ಕದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆಯುವ ಖಣಿಯ ಗುಲಾಮ ದಸ್ತಗೀರ ತಲೆಗೆ ಟವೆಲು ಸುತ್ತಿಕೊಂಡು ಗೇಟಿಗೆ ಬಂದ. ಇಷ್ಟು ವರ್ಷ ಖಣಿಯ ದಿಬ್ಬದ ಮೇಲಿಂದಲೇ ರಾಮಲಿಂಗನಿಗೆ ಸಲಾಮು ಹೇಳುತ್ತಿದ್ದವನು ಅವನು. ಇಬ್ಬರೂ ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿದವರಲ್ಲ, ಜಗಳವಾಡಿದವರೂ ಅಲ್ಲ.

“ಏನ್ ತಕರಾರು ನಡದದ ಭಾಬಿ? ಮಯ್ಯತ್ ಯಾಕ ಇನ್ನೂ ಒಳಗೇ ಅದ?”

“ಹಂದಿ ಮುಟ್ಟಿದೋರು ಒಳಗ ಬರಂಗಿಲ್ಲ ಭಾಯಿ. ನಮ್ಮ ಮಂದಿ ಎಲ್ಲಾ ಮುಟ್ಟಿದೋರೇ.”

ದಸ್ತಗೀರ ಗಡ್ಡ ಕೆರೆದುಕೊಂಡ. “ಹಂಗಾದ್ರ ನಾವೇ ಬರಬೇಕಾತಲ್ಲ. ನಮ್ಮಷ್ಟು ಹಂದಿ ಮುಟ್ಟದೋರು ಈ ತಾಲೂಕಿನ್ಯಾಗ ಇನ್ಯಾರದಾರ?”

ಅವನ ತಮ್ಮ ಮುಜೀಬ ಹಿಂದೆಯೇ ನಿಂತು ಮುಖ ಗಂಟಿಕ್ಕಿದ. “ಭಾಯಿ, ಒಳಗ ಎಲ್ಲಾ ಹಂದಿ ಅವ.”

“ನಾ ಹಂದಿ ಹೊರ್ಲಿಕ್ಕ ಹೊಂಟಿಲ್ಲೋ. ಬಾಜೂ ಮನಿ ಮನಶಾನ್ನ ಹೊರ್ಲಿಕ್ಕ ಹೊಂಟೀನಿ. ಬರೋದಿದ್ರ ಬಾ.”

ಮುಜೀಬ ಬಂದ. ಖಣಿಯ ಇನ್ನಿಬ್ಬರು ಆಳುಗಳೂ ಬಂದರು. ನಾಲ್ವರೂ ಚಪ್ಪಲಿ ಬಿಟ್ಟು ಸುಣ್ಣದ ನೀರಿನಲ್ಲಿ ಕಾಲು ಅದ್ದಿದರು. ಕೊಟ್ಟಿಗೆಯ ಕಡೆ ನೋಡದೆ ನೇರ ಮನೆಗೆ ನಡೆದರು. ದಿನವಿಡೀ ಕಲ್ಲಿನ ಹಾಸು ಎತ್ತುವ ಕೈಗಳು ಚಟ್ಟವನ್ನು ಅಲುಗದಂತೆ ಎತ್ತಿದವು. “ಸಾವಕಾಶ, ಸಾವಕಾಶ” ಎಂದು ದಸ್ತಗೀರ ಹೇಳುತ್ತಲೇ ಇದ್ದ. ಗೇಟು ದಾಟಿ, ರಸ್ತೆಯ ಆಚೆ ಬಳಗದ ಮುಂದೆ ಇಳಿಸಿದ ಮೇಲೆಯೇ ಅವನು ಬೆವರು ಒರೆಸಿಕೊಂಡ.

ಕಪಿಲ ಅಣ್ಣನ ಮುಖ ನೋಡಿದ. ಬಗ್ಗಿ ಪಾದ ಹಿಡಿದವನು ಕೈ ತೆಗೆಯಲಿಲ್ಲ. ಹಿಮ್ಮಡಿಗಳು ಬರಗಾಲದ ನೆಲದಂತೆ ಒಡೆದು ಬೆಳ್ಳಗಾಗಿದ್ದವು.

“ಕಾಲ್ಯಾಕ ಹಿಂಗಾಗ್ಯಾವ ವೈನಿ?”

“ಹೋಗ್ತಾ ಬರ್ತಾ ಸುಣ್ಣದಾಗ ಇಡ್ತಿದ್ರಲ್ಲಪ” ಎಂದಳು ಗೇಟಿನ ಒಳಗಿನಿಂದ ತುಳಜಾಬಾಯಿ. ಆಮೇಲೆ ತಡೆಯಲಾರದೆ ಹೇಳಿದಳು, “ಅತ್ತಿ ಮಣ್ಣಿಗೆ ಅವರು ಬಂದಿದ್ರೋ ಕಪಿಲಾ. ತೊಗರಿ ಹೊಲದಾಗ ನಿಂತಿದ್ರು.”

“ಗೊತ್ತದ.” ಕಪಿಲ ತಲೆ ಎತ್ತಲಿಲ್ಲ. “ನೋಡಿದ್ದೆ. ಕೈ ಮಾಡಿ ಕರದಿದ್ರ ಬರ್ತಿದ್ದನೋ ಏನೋ. ಕರೀಲಿಲ್ಲ ನಾ.”

ಬಳಗದ ಹಿರಿಯರೊಬ್ಬರು ಬುದ್ಧನ ತ್ರಿಶರಣ, ಪಂಚಶೀಲ ಹೇಳಿದರು. ಚಟ್ಟದ ಮುಂದಿನ ಕೊನೆಗೆ ಒಂದು ಕಡೆ ಕಪಿಲ ಹೆಗಲು ಕೊಟ್ಟ, ಇನ್ನೊಂದು ಕಡೆ ದಸ್ತಗೀರ.

“ನೀನೂ ಬಾ ವೈನಿ. ಒಂದು ಹಿಡಿ ಮಣ್ಣರ ಹಾಕು.”

ತುಳಜಾಬಾಯಿಯ ಕೈ ಚಿಲಕಕ್ಕೆ ಹೋಯಿತು. ಹೋದರೆ ಮಣ್ಣು ಕೊಡುವಲ್ಲಿ ಬಳಗದವರೆಲ್ಲ ಅಪ್ಪಿ ಅಳಲು ಮೈಮೇಲೆ ಬೀಳುತ್ತಾರೆ. ಬೀಳಲಿ ಎಂದೇ ಅವಳ ಜೀವ ಹಂಬಲಿಸುತ್ತಿತ್ತು. ಆದರೆ ಹಾಗೆ ಬಿದ್ದ ಮೇಲೆ ಈ ಕೊಟ್ಟಿಗೆಗೆ ಅವಳೂ ಬರುವಂತಿಲ್ಲ. ಒಳಗಿನಿಂದ ಬಸುರಿ ಹಂದಿ ನರಳಿದ ಸದ್ದು ಕೇಳಿಸಿತು.

“ನೀವು ನಡೀರಿ” ಎಂದಳು. “ಹಂದಿ ಮರಿ ಹಾಕಲಿಕತ್ತದ. ನಾ ಬರಂಗಿಲ್ಲ.”

ಈ ಸಲ ಕಪಿಲ “ಹೂಂ” ಎಂದು ಹೆಗಲು ಸರಿಮಾಡಿಕೊಂಡು ನಡೆದ. ಚಟ್ಟ ಖಣಿಯ ತಿರುವಿನಲ್ಲಿ ಮರೆಯಾಯಿತು. ಟಂಟಂನ ನೆರಳಿನಲ್ಲಿ ಸರಿತಾ ಒಬ್ಬಳು ಉಳಿದಳು.

“ನೀ ಯಾಕ ಹೋಗ್ಲಿಲ್ಲ?”

“ನೀ ಒಬ್ಬಾಕಿ ಉಳದಿ ಅಂತ.” ಸರಿತಾ ರಸ್ತೆಯ ಅಂಚಿಗೆ ಬಂದು ನಿಂತಳು. “ಅಕ್ಕಾ, ನೀ ಮುಂಜಾನಿಂದ ಅತ್ತೀಯೋ ಇಲ್ಲೋ?”

ಅತ್ತಿರಲಿಲ್ಲ. ಈ ಸೀಮೆಯಲ್ಲಿ ಸತ್ತವರ ಮನೆಗೆ ಬಂದ ಹೆಂಗಸು ಮೊದಲು ಮನೆಯವಳ ಕೊರಳಿಗೆ ಬೀಳುತ್ತಾಳೆ. ಇಬ್ಬರೂ ಒಬ್ಬರ ಹೆಗಲಿನ ಮೇಲೊಬ್ಬರು ತಲೆಯಿಟ್ಟು, ಸತ್ತವನ ಗುಣ ಎತ್ತಿ ಹಾಡಿ ಅಳುತ್ತಾರೆ. ಅಳುವುದಕ್ಕೂ ಒಂದು ಕೊರಳು ಬೇಕು. ತುಳಜಾಬಾಯಿಗೆ ಅದು ಸಿಕ್ಕಿರಲಿಲ್ಲ.

“ಹ್ಯಾಂಗ ಅಳ್ಲೆ ಸರಿತಾ” ಎಂದಳು.

ಸರಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ತೋಳು ಮುಂದೆ ಚಾಚಿ, ಎದುರಿಗೆ ಯಾರೋ ಇದ್ದಾರೆಂಬಂತೆ ಬಳಸಿ, ತಲೆಯನ್ನು ಎಡಕ್ಕೆ ವಾಲಿಸಿ ರಾಗ ಎತ್ತಿದಳು. “ನನ್ನಕ್ಕಾ, ನಿನ್ನ ಬಿಟ್ಟು ಹೋದನಲ್ಲೇ...” ತುಳಜಾಬಾಯಿ ಗೇಟಿನ ಚಿಲಕದಿಂದ ಕೈ ತೆಗೆದಳು. ಆಮೇಲೆ ಅವಳ ತೋಳುಗಳೂ ತಾವಾಗಿ ಮೇಲೆದ್ದವು, ತಲೆ ವಾಲಿತು, ದಿನವಿಡೀ ಬಾರದಿದ್ದ ಅಳು ದೊಡ್ಡ ದನಿಯಲ್ಲಿ ಹೊರಟಿತು.

ಅಷ್ಟರಲ್ಲಿ ಸಿಮೆಂಟು ಹೇರಿದ ಲಾರಿಯೊಂದು ಹಾರ್ನು ಬಾರಿಸುತ್ತ ಇಬ್ಬರ ನಡುವೆ ಹಾದುಹೋಯಿತು. ಎದ್ದ ದೂಳಿನಲ್ಲಿ ಆಚೆಯವರು ಈಚೆಗೆ, ಈಚೆಯವರು ಆಚೆಗೆ ಕಾಣಲಿಲ್ಲ. ಅಳು ಮಾತ್ರ ಎರಡೂ ಕಡೆಯಿಂದ ಕೇಳುತ್ತಿತ್ತು. ದೂಳು ಇಳಿದಾಗ ರಸ್ತೆಯ ಆ ಬದಿಗೆ ಒಬ್ಬಳು, ಈ ಬದಿಗೆ ಒಬ್ಬಳು, ಇಲ್ಲದ ಕೊರಳುಗಳನ್ನು ಬಿಗಿಯಾಗಿ ತಬ್ಬಿಕೊಂಡು ಇನ್ನೂ ನಿಂತೇ ಇದ್ದರು.