ಬೆಳ್ಳಿ ನೀರಿನ ದಾನಿ

ಔರಾದ ಬಸ್ ನಿಲ್ದಾಣದ ಬೇವಿನ ಕೆಳಗೆ ನರಸಿಂಗ ಮಾಸ್ತರರು ಇಟ್ಟ ನೀರಿನ ಗಡಿಗೆಗೆ ಒಂದು ಫಲಕವಿತ್ತು: 'ದಿವಂಗತ ಮೀರಾಬಾಯಿ ಸ್ಮರಣಾರ್ಥ ಬೆಳ್ಳಿ ನೀರು'. ಹೆಂಡತಿಯ ಹೆಸರಿಗಿಂತ 'ಬೆಳ್ಳಿ' ದೊಡ್ಡದಾಗಿತ್ತು. ಬರೆಸಿದವರು ಅವರೇ.

ಮೀರಾಬಾಯಿ ಕಾಮಾಲೆಯಿಂದ ತೀರಿಕೊಂಡಿದ್ದಳು. ಕೆಟ್ಟ ನೀರೇ ಅವಳನ್ನು ಒಯ್ದಿತೆಂದು ಮಾಸ್ತರರು ನಂಬಿದ್ದರು. ಆ ದುಃಖದಲ್ಲಿ ಭಾಲ್ಕಿಗೆ ಹೋದಾಗ ಅಂಗಡಿಯವನೊಬ್ಬ ಸಣ್ಣ ಬಾಟಲಿ ತೋರಿಸಿದ. ಒಳಗೆ ಬೆಳ್ಳಿಯ ನ್ಯಾನೊ ಕಣಗಳಿವೆ, ಕಣ್ಣಿಗೆ ಕಾಣುವುದಿಲ್ಲ, ಗಡಿಗೆಗೆ ನಾಲ್ಕು ಹನಿ ಹಾಕಿದರೆ ಕ್ರಿಮಿಗಳೆಲ್ಲ ಸಾಯುತ್ತವೆ ಎಂದ. ಜೀವಮಾನವಿಡೀ ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸಿದ ಮಾಸ್ತರರು ಒಂದೂ ಪ್ರಶ್ನೆ ಕೇಳದೆ ಕೊಂಡು ತಂದರು. ಅಂಗಡಿಯವನು 'ಸರ್' ಎಂದಿದ್ದ, ಅಷ್ಟು ಸಾಕಾಯಿತು. ಇನ್ನೂ ಚೆನ್ನಾಗಿರಲೆಂದು ಎಂಟು ಹನಿ ಹಾಕತೊಡಗಿದರು.

ಬೀದರಿನಲ್ಲಿ ಎಂಎಸ್ಸಿ ಓದುವ ತಮ್ಮನ ಮಗಳು ವಿಶಾಖಾ ರಜೆಗೆ ಬಂದವಳು ಬಾಟಲಿ ನೋಡಿದಳು. ಒಂದು ಲೋಟದಲ್ಲಿ ಬರೀ ನೀರು, ಇನ್ನೊಂದರಲ್ಲಿ ಬೆಳ್ಳಿ ನೀರು ತುಂಬಿ, ಬುಡ ನೀರಿಗೆ ತಾಗುವಂತೆ ಬಾಯಿಯ ಮೇಲೆ ಒಂದೊಂದು ಉಳ್ಳಾಗಡ್ಡಿ ಕೂರಿಸಿದಳು. ಮರುದಿನ ಮಾಸ್ತರರು ಎರಡನ್ನೂ ಹೆಚ್ಚಿ ಕಡಲೆಹಿಟ್ಟಿನ ಝುಣಕಕ್ಕೆ ಹಾಕಿದರು.

"ದೊಡ್ಡಪ್ಪ, ನನ್ನ ಪ್ರಯೋಗ ತಿಂದ್ರಲ್ರಿ!"

"ಝುಣಕ ಚಲೋ ಆಗಿತ್ತವ್ವ."

ಅವಳು ಮತ್ತೆ ಇಟ್ಟಳು. ಬರೀ ನೀರಿನಲ್ಲಿ ಬೇರು ಮುದುಕನ ಗಡ್ಡದಂತೆ ಇಳಿಯಿತು. ಬೆಳ್ಳಿ ನೀರಿನಲ್ಲಿ ಮೊಂಡಾಗಿ ನಿಂತಿತು. ಬೇರಿನ ತುದಿಗಳನ್ನು ಕಾಲೇಜಿಗೆ ಒಯ್ದು, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಫೋನಿನಲ್ಲಿ ಹಿಡಿದು ತಂದಳು.

"ಈ ಎಳಿಯೊಳಗ ಡಿಎನ್‌ಎ ಇರ್ತದ್ರಿ. ಇಲ್ಲಿ ನೋಡ್ರಿ, ತುಂಡಾಗ್ಯದ."

"ಉಳ್ಳಾಗಡ್ಡಿ ಅಂದ್ರ ಮನುಷ್ಯಾ ಏನು?"

"ಅಲ್ರಿ. ಮನುಷ್ಯಾರಿಗೂ ಹಿಂಗೇ ಆಗ್ತದಂತ ನಾ ಹೇಳಂಗಿಲ್ಲ. ಆಗಂಗಿಲ್ಲಂತ ನೀವು ಹೇಳ್ತೀರೇನು?"

ಮಾಸ್ತರರು ದಿನವೂ ಬುದ್ಧನ ಮುಂದೆ ಪಂಚಶೀಲ ಹೇಳುವವರು. ಮರುದಿನ, ಜೀವಿಗಳಿಗೆ ಕೇಡು ಮಾಡುವುದಿಲ್ಲವೆಂಬ ಮೊದಲ ಶೀಲದಲ್ಲೇ ನಾಲಿಗೆ ತಡವರಿಸಿತು. ಪಕ್ಕದ ಫೋಟೊದಲ್ಲಿ ಮೀರಾಬಾಯಿ ನಗುತ್ತಿದ್ದಳು. ಮಾಸ್ತರರು ಕೂದಲಿನ ಎಣ್ಣೆ, ಮೊಣಕಾಲಿನ ಎಣ್ಣೆ ಹೊತ್ತು ತಂದಾಗಲೆಲ್ಲ ಅವಳು, "ನಿಮಗ ಬಾಟಲಿ ಕಂಡ್ರ ಸಾಕು" ಎಂದು ಹೀಗೇ ನಗುತ್ತಿದ್ದಳು.

ಗಡಿಗೆ ಬರಿದು ಮಾಡಲು ಹೋದರು. ಬೇವಿನ ಬುಡಕ್ಕೆ ಬಗ್ಗಿಸಿದವರು, ಬೇವಿಗೂ ಬೇರುಂಟಲ್ಲ ಎಂದು ನಿಂತರು. ಗಟಾರದಲ್ಲಿ ಕಪ್ಪೆಯೊಂದು ಅವರನ್ನೇ ನೋಡುತ್ತಿತ್ತು. ಕೊನೆಗೆ ಬೀದರಿಗೆ ಮರಳಿದ್ದ ವಿಶಾಖಾಳಿಗೆ ಫೋನು ಮಾಡಿದರು. ಕಾಲೇಜಿಗೆ ತಂದರೆ ಲ್ಯಾಬಿನವರು ನೋಡಿಕೊಳ್ಳುತ್ತಾರೆ ಎಂದಳು. ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬೀದರ ಬಸ್ಸಿನಲ್ಲಿ ಕುಳಿತರು.

ನಿಲ್ದಾಣದಲ್ಲಿ ಬಳೆ ಮಾರುವ ಜಿಜಾಬಾಯಿ ಪಕ್ಕದಲ್ಲೇ ಇದ್ದಳು. "ಮಾಸ್ತರ್ರ, ಗಂಟಲು ಒಣಗ್ಯದ. ಒಂದೀಟು ಬೆಳ್ಳಿ ನೀರು ಕೊಡ್ರಿ."

"ಕೊಡಂಗಿಲ್ಲವ್ವ."

"ಯಾಕ್ರಿ, ಬೆಳ್ಳಿ ತುಟ್ಟಿ ಆತೇನು?"

ಬಸ್ಸೆಲ್ಲ ನಕ್ಕಿತು. ಮಾಸ್ತರರೂ ನಗಲು ಹೋದರು, ಆಗಲಿಲ್ಲ. "ಚಲೋ ನೀರೇ ಇತ್ತವ್ವ. ನಾನೇ ಕೆಡಿಸೀನಿ."

ಜಿಜಾಬಾಯಿಯ ನಗೆ ನಿಂತಿತು. "ಹಂಗಾದ್ರ ಇಷ್ಟು ದಿನ ನಾ ಕುಡಿದದ್ದು?"

"ಗೊತ್ತಿಲ್ಲವ್ವ" ಎಂದರು. ಮಾಸ್ತರಿಕೆಯುದ್ದಕ್ಕೂ ಆ ಮಾತು ಅವರ ಬಾಯಿಂದ ಬಂದಿರಲಿಲ್ಲ.

ಸಂತಪೂರದಲ್ಲಿ ಬಸ್ಸು ನಿಂತಾಗ, ಗಡಿಗೆಯನ್ನು ಯಾರ ಕೈಗೂ ಕೊಡದೆ ಬಗಲಲ್ಲೇ ಹೊತ್ತು ಇಳಿದು, ಹೋಟೆಲಿನಿಂದ ಒಂದು ಲೋಟ ಬರೀ ನೀರು ತಂದುಕೊಟ್ಟರು. ಜಿಜಾಬಾಯಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಮಾಸ್ತರರ ಮುಖ ನೋಡಿದಳು. ಆಮೇಲೆ ಕುಡಿದಳು.